ಆಟಗಾರರ ಮನೆಯಲ್ಲಿ ಸಾವಾದಾಗ ಕೋಚ್ ಏನು ಮಾಡಬೇಕು?

1999ರ ವಿಶ್ವಕಪ್ ನಡೆಯುತ್ತಿದ್ದಾಗ ಸಚಿನ್ ತೆಂಡೂಲ್ಕರ್ ಅವರ ತಂದೆ ತೀರಿಕೊಂಡರು. ಸಚಿನ್ ಇಂಗ್ಲೆಂಡಿನಿಂದ ಮನೆಗೆ ಹೋದರು, ನಡುವೆ ಒಂದು ಪಂದ್ಯ ಆಡಲಿಲ್ಲ, ಮತ್ತೆ ಬಂದು ಮೇ 23ರಂದು ಕೀನ್ಯಾ ವಿರುದ್ಧ ಔಟಾಗದೆ 140 ರನ್ ಹೊಡೆದರು. 2006ರ ಡಿಸೆಂಬರ್‌ನಲ್ಲಿ 18 ವರ್ಷದ ವಿರಾಟ್ ಕೊಹ್ಲಿ ಅಪ್ಪ ತೀರಿಹೋದ ಬೆಳಿಗ್ಗೆಯೇ ಮೈದಾನಕ್ಕೆ ಬಂದು, ರಣಜಿ ಪಂದ್ಯದಲ್ಲಿ ಕರ್ನಾಟಕದ ವಿರುದ್ಧ 90 ರನ್ ಮಾಡಿದರು. 2020ರ ನವೆಂಬರ್‌ನಲ್ಲಿ ಮೊಹಮ್ಮದ್ ಸಿರಾಜ್ ಆಸ್ಟ್ರೇಲಿಯಾದಲ್ಲಿದ್ದಾಗ ಅವರ ಅಪ್ಪ ಹೋಗಿಬಿಟ್ಟರು. ಮನೆಗೆ ಹೋಗುವ ಅವಕಾಶ ಕೊಟ್ಟರೂ ಸಿರಾಜ್ ತಂಡದ ಜೊತೆ ಉಳಿದರು, ಆ ಟೆಸ್ಟ್ ಸರಣಿಯಲ್ಲಿ 13 ವಿಕೆಟ್ ತೆಗೆದರು.

ಈ ಕತೆಗಳು ನಮಗೆಲ್ಲ ಬಾಯಿಪಾಠ. ಇವು ನಿಜ, ಇವುಗಳ ಬಗ್ಗೆ ಗೌರವವೂ ಇರಬೇಕು. ಆದರೆ ಕೋಚ್‌ಗಳ ಕೈಗೆ ಬಂದಾಗ ಇವೇ ಕತೆಗಳು ಅಳತೆಗೋಲು ಆಗಿಬಿಡುತ್ತವೆ. "ಅವರೇ ಆಡಿದರು, ನಿನಗೇನು?" ಅಂತ ಯಾರೂ ಬಾಯಿಬಿಟ್ಟು ಹೇಳದೇ ಇರಬಹುದು, ಆದರೆ ಹದಿನಾರು ವರ್ಷದ ಹುಡುಗನಿಗೆ ಅದು ಕೇಳಿಸಿಬಿಡುತ್ತದೆ.

ಇನ್ನೊಂದು ಕತೆಯನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಿ. ಅಮೆರಿಕದ ಸ್ಪೀಡ್ ಸ್ಕೇಟರ್ ಡ್ಯಾನ್ ಜಾನ್ಸನ್ 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗೆ ಪದಕದ ದೊಡ್ಡ ಭರವಸೆಯಾಗಿ ಬಂದಿದ್ದರು. 500 ಮೀಟರ್ ಓಟದ ದಿನ ಬೆಳಿಗ್ಗೆ ಅವರ ಅಕ್ಕ ಜೇನ್ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಡ್ಯಾನ್ ಅವತ್ತೇ ಓಡಿದರು. ಮೊದಲ ತಿರುವಿನಲ್ಲೇ ಬಿದ್ದರು. ನಾಲ್ಕು ದಿನ ಬಿಟ್ಟು 1000 ಮೀಟರ್‌ಗೆ ಇಳಿದರು, ಅಲ್ಲೂ ಬಿದ್ದರು. 1992ರಲ್ಲೂ ಪದಕ ಸಿಗಲಿಲ್ಲ. 1994ರಲ್ಲಿ, ಅಂದರೆ ಅಕ್ಕ ಹೋಗಿ ಆರು ವರ್ಷವಾದ ಮೇಲೆ, 1000 ಮೀಟರ್‌ನಲ್ಲಿ ವಿಶ್ವದಾಖಲೆಯ ಜೊತೆ ಚಿನ್ನ ಬಂತು. ಜಾನ್ಸನ್‌ಗೆ ಬೇರೆಯವರಷ್ಟು ಮನಸ್ಸು ಗಟ್ಟಿ ಇರಲಿಲ್ಲವೇ? ಪ್ರಶ್ನೆಯೇ ತಪ್ಪು. ಒಬ್ಬೊಬ್ಬರ ಮೈ, ಮನಸ್ಸು, ಆ ದಿನದ ಆಟ, ಹೋದವರ ಜೊತೆಗಿನ ನಂಟು ಎಲ್ಲವೂ ಬೇರೆ ಬೇರೆ. ಯಾರು ಬೀಳುತ್ತಾರೆ, ಯಾರು ನಿಲ್ಲುತ್ತಾರೆ ಅಂತ ಮುಂಚೆ ಹೇಳಲು ಯಾರಿಂದಲೂ ಆಗುವುದಿಲ್ಲ, ಕೋಚ್‌ನಿಂದಲೂ ಆಗುವುದಿಲ್ಲ.

ಅದಕ್ಕೇ ನಾನು ಹೇಳುವುದು ಒಂದೇ. ಆಡುವುದೋ ಬಿಡುವುದೋ ಅನ್ನುವ ಆಯ್ಕೆ ಆಟಗಾರರ ಕೈಯಲ್ಲಿರಬೇಕು, ಆ ಆಯ್ಕೆ ನಿಜವಾದದ್ದಾಗಿರಬೇಕು, ಮತ್ತು ಅದನ್ನು ಎಷ್ಟು ಸಲ ಬದಲಾಯಿಸಿದರೂ ನಡೆಯುತ್ತದೆ ಅನ್ನುವ ಧೈರ್ಯ ಅವರಿಗಿರಬೇಕು. ಇದಕ್ಕೆ ಜಾಗ ಮಾಡಿಕೊಡುವುದು ಕೋಚ್ ಕೆಲಸ. ಹೇಳಲು ಸುಲಭ, ಮಾಡಲು ಬಹಳ ಕಷ್ಟ.

ದುಃಖ ಮೈಯಲ್ಲೂ ಇರುತ್ತದೆ

ದುಃಖ ಅಂದರೆ ಅಳು ಅಂತ ನಾವು ಅಂದುಕೊಂಡಿರುತ್ತೇವೆ. ಹುಡುಗ ಅಳುತ್ತಿಲ್ಲ, ನಗುತ್ತಲೂ ಇದ್ದಾನೆ, ಹಾಗಾದರೆ ಸರಿಹೋಗಿದ್ದಾನೆ ಅಂತ ಲೆಕ್ಕ ಹಾಕುತ್ತೇವೆ. ಆದರೆ ಟ್ರೇನಿಂಗ್ ಕೊಡುವವರು ನೋಡಬೇಕಾದದ್ದು ಬೇರೆಯದು. ಹತ್ತಿರದವರು ಸತ್ತ ಮೊದಲ ವಾರಗಳಲ್ಲಿ ನಿದ್ದೆ ಕೆಡುತ್ತದೆ. ಊಟ ಸೇರುವುದಿಲ್ಲ. ಎದೆ ಬಿಗಿ, ತಲೆನೋವು, ಹೊಟ್ಟೆ ಕೆಡುವುದು, ಸುಮ್ಮನೆ ಕೂತಿದ್ದರೂ ಸುಸ್ತು. ಸುಮ್ಮನೆ ಕೂತಾಗಿನ ನಾಡಿಬಡಿತವೂ ಜಾಸ್ತಿ ಇರಬಹುದು. ಇವೆಲ್ಲ ನಾಟಕ ಅಲ್ಲ, ಸೋಮಾರಿತನವೂ ಅಲ್ಲ. ದೇಹ ಒತ್ತಡದಲ್ಲಿದ್ದಾಗ ಹೀಗೇ ಇರುತ್ತದೆ.

ಈಗ ಇದನ್ನು ಟ್ರೇನಿಂಗ್ ಜೊತೆ ಸೇರಿಸಿ ನೋಡಿ. ಸರಿಯಾಗಿ ನಿದ್ದೆ ಮಾಡದವರ ಪ್ರತಿಕ್ರಿಯೆ ನಿಧಾನ. ಸರಿಯಾಗಿ ತಿನ್ನದವರ ಸ್ನಾಯುಗಳು ಪೆಟ್ಟಿನಿಂದ ಬೇಗ ಚೇತರಿಸಿಕೊಳ್ಳುವುದಿಲ್ಲ. ಎಷ್ಟು ಭಾರ ಅನ್ನಿಸಿತು ಅಂತ ಕೇಳಿದರೆ, ಹೋದ ತಿಂಗಳು ಹತ್ತಕ್ಕೆ ಆರು ಅನ್ನಿಸುತ್ತಿದ್ದ ಓಟ ಈಗ ಒಂಬತ್ತು ಅನ್ನಿಸುತ್ತದೆ, ಗಡಿಯಾರದಲ್ಲಿ ಟೈಮಿಂಗ್ ಮಾತ್ರ ಅದೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಗಮನ ಒಡೆಯುತ್ತದೆ. ಒಂದು ಕ್ಷಣ ಇಲ್ಲಿ, ಇನ್ನೊಂದು ಕ್ಷಣ ಆಸ್ಪತ್ರೆಯ ಆ ಕೋಣೆಯಲ್ಲಿ. ಕೇರಂ ಆಡುವಾಗ ಹೀಗಾದರೆ ಒಂದು ಕಾಯಿ ತಪ್ಪುತ್ತದೆ. ಜಿಮ್ನಾಸ್ಟಿಕ್ಸ್ ವಾಲ್ಟ್‌ನಲ್ಲಿ, ಪೋಲ್ ವಾಲ್ಟ್‌ನಲ್ಲಿ, ಡೈವಿಂಗ್ ಬೋರ್ಡ್ ಮೇಲೆ, ಭಾರದ ಬಾರ್‌ಬೆಲ್ ಕೆಳಗೆ ಹೀಗಾದರೆ ಕತ್ತು ಮುರಿಯಬಹುದು.

ಹಾಗಾಗಿ ಆಯ್ಕೆ ಅವರದ್ದು ಅಂದೆನಲ್ಲ, ಅದಕ್ಕೆ ಇಲ್ಲಿ ಒಂದು ಗೆರೆ ಹಾಕುತ್ತೇನೆ. ಬರಬೇಕೋ ಬೇಡವೋ ಅನ್ನುವುದು ಅವರ ನಿರ್ಧಾರ. ಬಂದ ಮೇಲೆ ಮೊದಲ ಕೆಲವು ದಿನ ಅಪಾಯದ ಸ್ಕಿಲ್‌ಗಳು ಬೇಡ ಅನ್ನುವುದು ಕೋಚ್ ನಿರ್ಧಾರ. "ನಾನು ಸರಿ ಇದ್ದೀನಿ ಸರ್" ಅಂದರೂ ಬೇಡ. ಶಿಕ್ಷೆ ಅನ್ನಿಸದ ಹಾಗೆ ಹೇಳಿದರೆ ಆಯ್ತು: "ಈ ವಾರ ಯಾರೇ ಆಗಿದ್ದರೂ ನಾನು ಇದನ್ನೇ ಮಾಡ್ತಿದ್ದೆ. ನೆಲದ ಮೇಲಿನ ಕೆಲಸ ಮಾಡೋಣ, ಎತ್ತರದ್ದು ಆಮೇಲೆ ನೋಡೋಣ."

ಐದು ಮೆಟ್ಟಿಲು ಅಂತ ಏನೂ ಇಲ್ಲ

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಈ ಐದು ಹಂತಗಳನ್ನು ಎಲ್ಲೋ ಓದಿಯೇ ಇರುತ್ತೀರಿ. 1969ರಲ್ಲಿ ಎಲಿಜಬೆತ್ ಕೂಬ್ಲರ್ ರಾಸ್ ಅನ್ನುವ ವೈದ್ಯೆ ಇದನ್ನು ಬರೆದರು. ಆದರೆ ಅವರು ಮಾತಾಡಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು, ಅವರ ಹಿಂದೆ ಉಳಿದವರನ್ನಲ್ಲ. ಆಮೇಲೆ ಅದನ್ನೇ ಎಲ್ಲರ ದುಃಖಕ್ಕೂ ಹಚ್ಚಿದರು. "ಇವನಿನ್ನೂ ಸಿಟ್ಟಿನ ಹಂತದಲ್ಲಿದ್ದಾನೆ, ಮುಂದಿನ ತಿಂಗಳು ಒಪ್ಪಿಕೊಳ್ತಾನೆ" ಅಂತ ಟೈಮ್‌ಟೇಬಲ್ ಹಾಕಿಕೊಂಡರೆ ಕೋಚ್ ಮೋಸ ಹೋಗುತ್ತಾರೆ.

ಕೋಚ್‌ಗಳಿಗೆ ಇದಕ್ಕಿಂತ ಉಪಯೋಗಕ್ಕೆ ಬರುವ ಒಂದು ತಿಳಿವಳಿಕೆ 1999ರಲ್ಲಿ ಬಂತು. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಅನ್ನುವ ಸಂಶೋಧಕರು ಹೇಳಿದ್ದು ಇಷ್ಟು: ದುಃಖದಲ್ಲಿರುವವರು ಎರಡು ಕಡೆ ಓಡಾಡುತ್ತಿರುತ್ತಾರೆ. ಒಂದು ಕಡೆ ಕಳೆದುಕೊಂಡದ್ದು, ಅಂದರೆ ನೆನಪು, ಅಳು, ಹಂಬಲ. ಇನ್ನೊಂದು ಕಡೆ ಮುಂದಿನ ಬದುಕು, ಅಂದರೆ ಮನೆಯ ಜವಾಬ್ದಾರಿ, ಹೊಸ ಕೆಲಸ, ಸ್ವಲ್ಪ ಹೊತ್ತು ಮರೆಯುವುದು. ಈ ಓಡಾಟವೇ ಆರೋಗ್ಯ. ಬರೀ ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ತೊಂದರೆ.

ಇದು ಗೊತ್ತಿದ್ದರೆ ಮೈದಾನದಲ್ಲಿ ಕಾಣುವ ಎಷ್ಟೋ ವಿಷಯ ಅರ್ಥವಾಗುತ್ತದೆ. ಬೆಳಿಗ್ಗೆ ಗೆಳತಿಯರ ಜೊತೆ ಬಿದ್ದು ಬಿದ್ದು ನಗುತ್ತಿದ್ದ ಹುಡುಗಿ ಸಂಜೆ ಶೂ ಲೇಸ್ ಕಟ್ಟುತ್ತಾ ಕೂತಲ್ಲೇ ಅಳುತ್ತಾಳೆ. ಎರಡೂ ನಿಜ. ನಕ್ಕಿದ್ದಕ್ಕೆ ಅವಳು ಅಪ್ಪನನ್ನು ಮರೆತಳು ಅಂತಲ್ಲ, ಅತ್ತಿದ್ದಕ್ಕೆ ಹಿಂದಕ್ಕೆ ಜಾರಿದಳು ಅಂತಲೂ ಅಲ್ಲ. ಪ್ರಾಕ್ಟೀಸ್ ಕೂಡ ಈ ಎರಡೂ ಕಡೆಗೆ ಸೇರಬಲ್ಲದು. ಒಬ್ಬನಿಗೆ ಅದು ಎರಡು ಗಂಟೆಯ ಬಿಡುಗಡೆ, ಯಾರೂ ಸಂತಾಪ ಹೇಳದ ಒಂದೇ ಜಾಗ. ಇನ್ನೊಬ್ಬನಿಗೆ ಅಪ್ಪ ಗ್ಯಾಲರಿಯಲ್ಲಿ ಕೂರುತ್ತಿದ್ದ ಮೂಲೆ ಕಣ್ಣಿಗೆ ಬೀಳುವ ಜಾಗ. ಒಬ್ಬನೇ ಹುಡುಗನಿಗೆ ಸೋಮವಾರ ಅದು, ಗುರುವಾರ ಇದು ಆಗಲೂಬಹುದು.

ಮೊದಲ ದಿನದ ಫೋನ್

ಸುದ್ದಿ ತಿಳಿದ ದಿನವೇ ಫೋನ್ ಮಾಡಿ, ಹೋಗಲು ಆಗುವಷ್ಟು ಹತ್ತಿರವಿದ್ದರೆ ಹೋಗಿ. "ಅವರ ಮನೆಯವರ ನಡುವೆ ನಾನ್ಯಾಕೆ" ಅಂತ ಎಷ್ಟೋ ಕೋಚ್‌ಗಳು ಹಿಂಜರಿಯುತ್ತಾರೆ. ಅದು ಒಳ್ಳೆ ಮನಸ್ಸಿನ ಹಿಂಜರಿಕೆಯೇ, ಆದರೆ ಆ ಕಡೆಯವರಿಗೆ ಕಾಣುವುದು ಬರೀ ಮೌನ. ವಾರದಲ್ಲಿ ಆರು ದಿನ ಕಣ್ಣೆದುರು ಇರುವ ಕೋಚ್ ಇವತ್ತು ಒಂದು ಮಾತೂ ಆಡಲಿಲ್ಲ ಅನ್ನುವುದು ಬಹಳ ಕಾಲ ಮನಸ್ಸಿನಲ್ಲಿ ಉಳಿಯುತ್ತದೆ.

ಏನು ಹೇಳಬೇಕು ಅನ್ನುವ ಭಯ ಬೇಡ. ಹೆಚ್ಚು ಹೇಳಬೇಕಾಗಿಯೇ ಇಲ್ಲ. "ಅಮ್ಮನ ವಿಷಯ ಗೊತ್ತಾಯ್ತು ಮರಿ. ತುಂಬಾ ಬೇಜಾರಾಯ್ತು. ನಿನ್ನ ಜೊತೆ ಇದ್ದೀನಿ. ಪ್ರಾಕ್ಟೀಸು, ಮ್ಯಾಚು ಯಾವುದರ ಬಗ್ಗೆಯೂ ಯೋಚನೆ ಬೇಡ, ನಿನ್ನ ಜಾಗ ಎಲ್ಲೂ ಹೋಗಲ್ಲ. ಭಾನುವಾರ ಮತ್ತೆ ಫೋನ್ ಮಾಡ್ತೀನಿ, ಎತ್ತೋಕಾಗದಿದ್ರೆ ಬಿಡು." ಇಷ್ಟು ಸಾಕು. ಇದರಲ್ಲಿ ನಾಲ್ಕು ಕೆಲಸ ಆಗಿದೆ ನೋಡಿ: ಸಾವನ್ನು ಸುತ್ತಿಬಳಸದೆ ಹೇಳಿದ್ದು, ಆಟದ ಚಿಂತೆ ತೆಗೆದಿದ್ದು, ಮುಂದಿನ ಮಾತು ಯಾವಾಗ ಅಂತ ತಿಳಿಸಿದ್ದು, ಉತ್ತರ ಕೊಡಲೇಬೇಕು ಅನ್ನುವ ಭಾರ ಹೊರಿಸದೇ ಇದ್ದದ್ದು. ಭಾನುವಾರ ಅಂದಮೇಲೆ ಭಾನುವಾರ ಮಾಡಲೇಬೇಕು, ಅದು ತಪ್ಪಬಾರದು.

"ಏನಾದ್ರೂ ಬೇಕಿದ್ರೆ ಕೇಳು" ಅನ್ನುವುದು ಕೆಟ್ಟ ಮಾತಲ್ಲ, ಆದರೆ ಅದರಿಂದ ಏನೂ ಆಗುವುದಿಲ್ಲ. ದುಃಖದಲ್ಲಿರುವವರು ಕೇಳುವುದಿಲ್ಲ. ಏನು ಬೇಕು ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ಅದರ ಬದಲು ಒಂದು ಸಣ್ಣ ಕೆಲಸ ನೀವೇ ಎತ್ತಿಕೊಳ್ಳಿ. ಟೂರ್ನಿಯಿಂದ ಹೆಸರು ತೆಗೆಸುವ ಪತ್ರ, ಕಾಲೇಜಿಗೆ ಒಂದು ಮಾತು, ಮನೆಗೆ ಹೋಗಲು ಟಿಕೆಟ್, ಹಾಸ್ಟೆಲಿನಲ್ಲಿ ಅವತ್ತು ರಾತ್ರಿ ಜೊತೆಗಿರಲು ಒಬ್ಬ ಸ್ನೇಹಿತ. "ಈ ಪತ್ರ ನಾನು ಕಳಿಸಲಾ?" ಅಂತ ಕೇಳಿದರೆ "ಹೂಂ ಸರ್" ಅನ್ನುವುದಷ್ಟೇ ಅವರ ಕೆಲಸ.

ಹೇಳಬಾರದ ಮಾತುಗಳೂ ಇವೆ. ಗಟ್ಟಿ ಮನಸ್ಸು ಮಾಡ್ಕೋ. ಎಲ್ಲರೂ ಒಂದು ದಿನ ಹೋಗೋರೇ. ಇನ್ನು ಮನೆಗೆ ನೀನೇ ಆಧಾರ. ಒಳ್ಳೆಯದಕ್ಕೇ ಆಗಿರುತ್ತೆ. ಹೇಗಿದ್ರೂ ವಯಸ್ಸಾಗಿತ್ತಲ್ಲ. ಪ್ರೀತಿಯಿಂದಲೇ ಬರುವ ಮಾತುಗಳಿವು, ನನಗೆ ಗೊತ್ತು. ಆದರೆ ಇವೆಲ್ಲ ಕೊನೆಗೆ ಹೇಳುವುದು "ಅಳಬೇಡ" ಅಂತ. ಒಮ್ಮೆ ಹಾಗೆ ಕೇಳಿಸಿಕೊಂಡ ಹುಡುಗ ಎರಡನೇ ಸಲ ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜೋಪಾನವಾಗಿರಬೇಕಾದ ಮಾತು "ಅಪ್ಪನಿಗೋಸ್ಕರ ಆಡು". ಈ ಮಾತು ಆಟಗಾರನ ಬಾಯಿಂದ ಬಂದರೆ ಅದು ಅವನದ್ದು, ಅದನ್ನು ಗೌರವಿಸಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ವೇಟ್‌ಲಿಫ್ಟರ್ ಮಥಿಯಾಸ್ ಸ್ಟೈನರ್ ಪದಕದ ಜೊತೆ, ಹಿಂದಿನ ವರ್ಷ ಕಾರು ಅಪಘಾತದಲ್ಲಿ ತೀರಿಕೊಂಡಿದ್ದ ಹೆಂಡತಿಯ ಫೋಟೋ ಹಿಡಿದು ನಿಂತಿದ್ದರು. ಅದು ಅವರು ತಾವೇ ಆರಿಸಿಕೊಂಡದ್ದು. ಅದೇ ಮಾತನ್ನು ಕೋಚ್ ಡ್ರೆಸ್ಸಿಂಗ್ ರೂಮಿನಲ್ಲಿ ಹೇಳಿದರೆ ಏನಾಗುತ್ತದೆ ಯೋಚಿಸಿ. ಗೆದ್ದರೆ ಸರಿ. ಸೋತರೆ? ಒಂದು ಕ್ಯಾಚ್ ಬಿಟ್ಟಿದ್ದು ಬರೀ ಕ್ಯಾಚ್ ಬಿಟ್ಟಿದ್ದಾಗಿ ಉಳಿಯುವುದಿಲ್ಲ, ಅಪ್ಪನ ಹೆಸರಿಗೆ ಮಾಡಿದ ತಪ್ಪಾಗುತ್ತದೆ. ಎಷ್ಟೇ ದೊಡ್ಡ ಫೈನಲ್ ಇರಲಿ, ಇಷ್ಟು ಭಾರವನ್ನು ಇನ್ನೊಬ್ಬರ ಹೆಗಲ ಮೇಲೆ ಇಡುವ ಹಕ್ಕು ನಮಗಿಲ್ಲ.

ಸುದ್ದಿಯನ್ನು ಮುಚ್ಚಿಡಬಹುದೇ?

2023ರ ಆಗಸ್ಟ್ 20ರಂದು ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್ ಇಂಗ್ಲೆಂಡನ್ನು 1-0 ಗೋಲಿನಿಂದ ಸೋಲಿಸಿತು. ಗೋಲು ಹೊಡೆದದ್ದು ಓಲ್ಗಾ ಕಾರ್ಮೋನಾ. ಪಂದ್ಯಕ್ಕೆ ಎರಡು ದಿನ ಮುಂಚೆ ಅವರ ತಂದೆ ತೀರಿಕೊಂಡಿದ್ದರು, ಅದು ಅವರಿಗೆ ಗೊತ್ತಿರಲಿಲ್ಲ. ಗೆದ್ದು ಸಂಭ್ರಮಿಸಿದ ಮೇಲೆ ಹೇಳಿದರು. ತಕ್ಷಣ ಹೇಳುವುದು ಬೇಡ ಅನ್ನುವುದು ಮನೆಯವರ ತೀರ್ಮಾನವಾಗಿತ್ತು.

ಆ ಕುಟುಂಬದ ನಿರ್ಧಾರವನ್ನು ತೂಗುವುದು ನಮ್ಮ ಕೆಲಸವಲ್ಲ. ಆದರೆ ಕೋಚ್‌ಗಳಿಗೆ ಇಲ್ಲಿ ಒಂದು ಪ್ರಶ್ನೆ ಇದೆ. ಟೂರ್ನಿಯ ನಡುವೆ ಮನೆಯವರು ಫೋನ್ ಮಾಡಿ "ಮ್ಯಾಚ್ ಮುಗಿಯೋವರೆಗೂ ಹೇಳಬೇಡಿ ಸರ್" ಅಂದರೆ ಏನು ಮಾಡುವುದು? ನನ್ನ ಅಭಿಪ್ರಾಯ: ಬಚ್ಚಿಡುವ ಐಡಿಯಾ ಎಂದೂ ಕೋಚ್‌ನಿಂದ ಹುಟ್ಟಬಾರದು. ಗೆಲುವಿಗೋಸ್ಕರ ನನ್ನಿಂದ ಅಪ್ಪನ ಸಾವು ಮುಚ್ಚಿಟ್ಟರು ಅನ್ನುವ ಅನುಮಾನ ಒಮ್ಮೆ ಬಂದರೆ ಆ ಸಂಬಂಧ ಮತ್ತೆ ಕೂಡಿಕೊಳ್ಳುವುದು ಕಷ್ಟ. ಇದಕ್ಕೆ ಒಂದು ಸುಲಭ ದಾರಿ ಇದೆ, ಮುಂಚೆಯೇ ಕೇಳಿಡುವುದು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂತ ಗೊತ್ತಿದ್ದೂ ಆಟಗಾರ್ತಿ ದೂರದ ಪ್ರವಾಸಕ್ಕೆ ಹೊರಟಿದ್ದರೆ, ಹೊರಡುವ ಮುನ್ನವೇ ಒಂದು ಮಾತು: "ನೀನು ಅಲ್ಲಿರುವಾಗ ಏನಾದ್ರೂ ಸುದ್ದಿ ಬಂದ್ರೆ ನಿನಗೆ ತಕ್ಷಣ ಹೇಳಬೇಕಾ? ಯಾರು ಹೇಳಿದ್ರೆ ಒಳ್ಳೇದು?" ಕೇಳಲು ನಾಲಿಗೆ ಏಳುವುದಿಲ್ಲ, ನಿಜ. ಆದರೂ ಕೇಳಿ. ಆಮೇಲೆ ಎಲ್ಲರಿಗೂ ದಾರಿ ಗೊತ್ತಿರುತ್ತದೆ.

ಇದರ ಜೊತೆಗೆ ಫೋನ್‌ಗಳ ವಿಷಯವೂ ಇದೆ. ಈಗ ಸುದ್ದಿ ಕೋಚ್‌ಗಿಂತ ಮುಂಚೆ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ. ಹುಡುಗಿ ವಾರ್ಮಪ್ ನಡುವೆ ಫೋನ್ ತೆರೆದು "ಓಂ ಶಾಂತಿ" ಅನ್ನುವ ಸಂದೇಶದಿಂದ ಅಪ್ಪನ ಸಾವು ತಿಳಿಯುವ ಹಾಗೆ ಆಗಬಾರದು. ನಿಮಗೆ ಗೊತ್ತಾಗಿದೆ ಅಂದರೆ ಹೇಳಲು ನಿಮಗಿರುವುದು ಕೆಲವೇ ನಿಮಿಷ. ಜನರಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗಿ, ಕೂರಿಸಿ, ಮನೆಯವರನ್ನು ಫೋನ್‌ನಲ್ಲಿ ಸಿದ್ಧವಾಗಿಟ್ಟುಕೊಂಡು, ನೇರವಾಗಿ ಹೇಳಿ. "ಹೋಗಿಬಿಟ್ಟರು" ಅನ್ನುವುದನ್ನು "ಸ್ವಲ್ಪ ಸೀರಿಯಸ್ಸು" ಅಂತ ಮಾಡಬೇಡಿ. ಆಮೇಲೆ ಅವಳನ್ನು ಒಬ್ಬಳನ್ನೇ ಬಸ್ಸಿಗೋ ರೈಲಿಗೋ ಹತ್ತಿಸಬೇಡಿ.

ಆಯ್ಕೆ ನಿಜವಾಗಿರಬೇಕು ಅಂದರೆ

"ನಿನ್ನಿಷ್ಟ, ನಿನಗೆ ಹೇಗನ್ಸುತ್ತೋ ಹಾಗೆ" ಅಂತ ಹೇಳಿ, ಮರುದಿನ ಅವರ ಜಾಗಕ್ಕೆ ಬೇರೆಯವರನ್ನು ಖಾಯಂ ಮಾಡಿದರೆ ಅದು ಆಯ್ಕೆ ಅಲ್ಲ. ತಂಡದಲ್ಲಿ ಜಾಗ, ಸ್ಕಾಲರ್‌ಶಿಪ್, ಹಾಜರಾತಿ, ಸೆಲೆಕ್ಷನ್ ಟ್ರಯಲ್ಸ್ ಇವುಗಳ ಬಗ್ಗೆ ಆಟಗಾರರ ಮನಸ್ಸಿನಲ್ಲಿ ಭಯ ಓಡುತ್ತಿರುತ್ತದೆ. ಬಾಯಲ್ಲಿ ಬರುವುದಿಲ್ಲ, ಯಾಕೆಂದರೆ ಅಮ್ಮ ಸತ್ತಿರುವಾಗ ಸೆಲೆಕ್ಷನ್ ಬಗ್ಗೆ ಯೋಚಿಸುತ್ತಿದ್ದೀನಲ್ಲ ಅಂತ ಅವರಿಗೇ ನಾಚಿಕೆ. ಹಾಗಾಗಿ ಅವರು ಕೇಳುವ ಮುನ್ನ ನೀವೇ ಹೇಳಬೇಕು, ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಅಂತ ನೇರವಾಗಿ. "ಕ್ಲಬ್ ತಂಡದಲ್ಲಿ ನಿನ್ನ ಜಾಗ ಇರುತ್ತೆ, ಅದು ನನ್ನ ಮಾತು. ರಾಜ್ಯದ ಟ್ರಯಲ್ಸ್ 14ನೇ ತಾರೀಖು, ಅದು ನನ್ನ ಕೈಯಲ್ಲಿಲ್ಲ. ಮುಂದೆ ಹಾಕ್ತಾರಾ ಅಂತ ನಾನು ಬರೆದು ಕೇಳ್ತೀನಿ, ಉತ್ತರ ಬಂದ ತಕ್ಷಣ ನಿನಗೆ ಹೇಳ್ತೀನಿ." ಸುಳ್ಳು ಭರವಸೆಗಿಂತ ಇದು ಎಷ್ಟೋ ಮೇಲು.

ಆಡುತ್ತೇನೆ ಅಂದವರನ್ನು ತಡೆಯಬೇಡಿ, ಬೇಡ ಅಂದವರನ್ನು ಎಳೆಯಬೇಡಿ. ಕೆನಡಾದ ಫಿಗರ್ ಸ್ಕೇಟರ್ ಜೋನಿ ರೋಶೆಟ್ ಅವರ ತಾಯಿ 2010ರ ವ್ಯಾಂಕೂವರ್ ಒಲಿಂಪಿಕ್ಸ್ ನೋಡಲು ಬಂದಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಜೋನಿ ಎರಡು ದಿನದ ಮೇಲೆ ಮಂಜಿಗಿಳಿದು, ಕೊನೆಗೆ ಕಂಚು ಗೆದ್ದರು. ಮೈಕೆಲ್ ಜೋರ್ಡನ್ ಅವರ ತಂದೆಯ ಕೊಲೆಯಾದದ್ದು 1993ರ ಜುಲೈನಲ್ಲಿ. ಅಕ್ಟೋಬರ್‌ನಲ್ಲಿ ಅವರು ಬ್ಯಾಸ್ಕೆಟ್‌ಬಾಲ್ ಬಿಟ್ಟರು, 1995ರ ಮಾರ್ಚ್‌ನಲ್ಲಿ ತಿರುಗಿ ಬಂದರು, ಬಂದಮೇಲೆ ಮತ್ತೆ ಮೂರು ಸಲ ಚಾಂಪಿಯನ್ ಆದರು. ಇದರಲ್ಲಿ ಯಾವುದು ಸರಿ ಅಂತ ಕೇಳಿದರೆ ಉತ್ತರವಿಲ್ಲ.

ಮೊದಲು "ಆಡ್ತೀನಿ" ಅಂದು, ಟಾಸ್‌ಗೆ ಹತ್ತು ನಿಮಿಷ ಇರುವಾಗ "ಆಗಲ್ಲ ಸರ್" ಅಂದರೆ? ಆಗಬಹುದು ಅಂತ ಮುಂಚೆಯೇ ಅಂದುಕೊಂಡು ಬದಲಿ ಆಟಗಾರನನ್ನು ಸಿದ್ಧವಾಗಿಟ್ಟುಕೊಳ್ಳಿ. ಅದು ಅವರಿಗೂ ಗೊತ್ತಿರಲಿ. ಯಾವ ಕ್ಷಣದಲ್ಲಾದರೂ ಹೊರಗೆ ಬರಬಹುದು ಅಂತ ಗೊತ್ತಿದ್ದವರು ಎಷ್ಟೋ ಸಲ ಒಳಗೇ ಉಳಿಯುತ್ತಾರೆ.

ವಾಪಸ್ ಬಂದ ಮೊದಲ ದಿನ

ಹದಿನೇಳು ವರ್ಷದ ಒಬ್ಬ ಓಟಗಾರ್ತಿ ಅಂದುಕೊಳ್ಳೋಣ. 400 ಮೀಟರ್ ಅವಳ ಓಟ. ಅಣ್ಣ ಬೈಕ್ ಅಪಘಾತದಲ್ಲಿ ಹೋದ. ಎರಡು ವಾರ ಕಳೆದು ಟ್ರ್ಯಾಕಿಗೆ ಬರುತ್ತೇನೆ ಅಂದಿದ್ದಾಳೆ. ಅವಳಿಗೆ ಓಟಕ್ಕಿಂತ ಹೆಚ್ಚು ಭಯ ಇರುವುದು ಗೇಟಿನಿಂದ ಟ್ರ್ಯಾಕಿನವರೆಗಿನ ನಡಿಗೆಯ ಬಗ್ಗೆ. ಎಲ್ಲರೂ ತಿರುಗಿ ನೋಡುತ್ತಾರೆ. ಕೆಲವರು ಬಂದು ತಬ್ಬಿಕೊಳ್ಳುತ್ತಾರೆ, ಕೆಲವರು ಕಣ್ಣು ತಪ್ಪಿಸುತ್ತಾರೆ.

ಕೋಚ್ ಹಿಂದಿನ ದಿನವೇ ಫೋನ್ ಮಾಡಿ ಕೇಳುತ್ತಾರೆ: "ನಾಳೆ ಬೇರೆಯವರು ನಿನ್ನ ಹತ್ರ ಅಣ್ಣನ ಬಗ್ಗೆ ಮಾತಾಡಬಹುದಾ, ಇಲ್ಲ ಬೇಡವಾ? ನಾನೇ ಅವರಿಗೆ ಹೇಳಿಡ್ತೀನಿ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾತಾಡೋದು ಬೇಡ ಸರ್. ಮಾಮೂಲಿ ತರ ಇರಲಿ ಅಂತ ಹೇಳಿ" ಅನ್ನುತ್ತಾಳೆ. ಕೋಚ್ ಉಳಿದವರಿಗೆ ಅಷ್ಟನ್ನೇ ಹೇಳುತ್ತಾರೆ, ಅಪಘಾತದ ವಿವರ ಒಂದೂ ಹೇಳುವುದಿಲ್ಲ. ಅವಳನ್ನು ಮಾಮೂಲಿಗಿಂತ ಹದಿನೈದು ನಿಮಿಷ ಮುಂಚೆ ಬರಲು ಹೇಳುತ್ತಾರೆ. ಹಾಗಾಗಿ ಉಳಿದವರು ಬರುವಷ್ಟರಲ್ಲಿ ಅವಳಾಗಲೇ ನಿಧಾನವಾಗಿ ಓಡುತ್ತಿರುತ್ತಾಳೆ, ಯಾರೆದುರೂ ನಡೆದು ಬರಬೇಕಾಗಿಲ್ಲ.

ಅವತ್ತಿನ ಕೆಲಸ 40 ನಿಮಿಷ. ಹಗುರ ಓಟ, ಡ್ರಿಲ್, ಮೂರು ಸ್ಟ್ರೈಡ್, ಅಂದರೆ ವೇಗ ನಿಧಾನವಾಗಿ ಏರಿಸುವ ಸಣ್ಣ ಓಟಗಳು. ಗಡಿಯಾರ ಜೇಬಿನಲ್ಲೇ. ಮುಂಚೆಯೇ ಒಂದು ಸಂಜ್ಞೆ ಮಾತಾಡಿಕೊಂಡಿದ್ದಾರೆ. ಅವಳು ಟೋಪಿ ತೆಗೆದು ಬೆಂಚಿನ ಮೇಲಿಟ್ಟರೆ ಇವತ್ತಿಗೆ ಸಾಕು ಅಂತ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಎರಡನೇ ಸ್ಟ್ರೈಡ್ ಮುಗಿಸಿ ಅವಳು ಟೋಪಿ ಇಡುತ್ತಾಳೆ. ಕೋಚ್ ಉಳಿದವರಿಗೆ ಸೂಚನೆ ಕೊಡುತ್ತಲೇ ಒಂದು ಬಾಟಲಿ ನೀರು ತಂದು ಪಕ್ಕದಲ್ಲಿಟ್ಟು ಹೋಗುತ್ತಾರೆ. ಸೆಷನ್ ಮುಗಿದ ಮೇಲೆ ಬಂದು ಕೂರುತ್ತಾರೆ. "ಇವತ್ತು ಎಷ್ಟು ಭಾರ ಅನ್ನಿಸ್ತು, ಹತ್ತಕ್ಕೆ?" "ಒಂಬತ್ತು ಸರ್." "ಸರಿ. ಗುರುವಾರ ಬರ್ತೀಯಾ, ಇಲ್ಲ ಶನಿವಾರ ನೋಡೋಣವಾ?" ಅಷ್ಟೇ. "ಪರವಾಗಿಲ್ಲ, ಚೆನ್ನಾಗಿ ಓಡಿದೆ" ಅನ್ನುವುದಿಲ್ಲ. ಅವಳಿಗೆ ಗೊತ್ತು ಚೆನ್ನಾಗಿ ಓಡಲಿಲ್ಲ ಅಂತ.

ಮುಂದಿನ ವಾರಗಳಲ್ಲೂ ಹೀಗೇ. ದಿನಗಳ ಲೆಕ್ಕ ನೋಡಿ ಭಾರ ಹೆಚ್ಚಿಸುವುದಲ್ಲ, ನಿದ್ದೆ ಹೇಗಿತ್ತು, ಊಟ ಸೇರ್ತಾ, ಭಾರ ಎಷ್ಟು ಅನ್ನಿಸಿತು ಅಂತ ಕೇಳಿ ಹೆಚ್ಚಿಸುವುದು. ಮಧ್ಯೆ ಒಂದು ವಾರ ಪೂರ್ತಿ ಕೆಳಗೆ ಬೀಳಬಹುದು. ಬೀಳಲಿ.

ಕೆಲವರು ಉಲ್ಟಾ ಮಾಡುತ್ತಾರೆ, ಅದನ್ನು ಗಮನಿಸುವುದು ಇನ್ನೂ ಮುಖ್ಯ. ಬೆಳಿಗ್ಗೆ ಐದಕ್ಕೆ ಬರುತ್ತಾರೆ, ಎಲ್ಲರೂ ಹೋದಮೇಲೂ ಹೋಗುವುದಿಲ್ಲ, ನೋವಿದ್ದರೂ ಹೇಳುವುದಿಲ್ಲ, ಮನೆಗೆ ಹೋಗದಿರಲು ಟ್ರೇನಿಂಗ್ ಒಂದು ನೆಪ. ಕೋಚ್‌ಗೆ ಇದು ಒಳಗೊಳಗೇ ಖುಷಿ ಕೊಡುತ್ತದೆ, ನೋಡು ಎಂಥ ಛಲ ಅಂತ. ಆದರೆ ಮೂರು ತಿಂಗಳಲ್ಲಿ ಅತಿಯಾದ ಭಾರದಿಂದ ಮೂಳೆಯಲ್ಲಿ ಸಣ್ಣ ಬಿರುಕು, ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್ ಆದಾಗ ಆ ಆಸರೆಯೂ ಹೋಗುತ್ತದೆ, ಎರಡೂ ನಷ್ಟ ಒಟ್ಟಿಗೇ ಎದುರು ನಿಲ್ಲುತ್ತವೆ. ಇಂಥವರಿಗೆ ಮೇಲಿನ ಮಿತಿ ಹಾಕಬೇಕು. ಮೈದಾನಕ್ಕೆ ಬಾ, ಎಷ್ಟು ಹೊತ್ತಾದರೂ ಇರು, ಸ್ಕೋರ್ ಬರಿ, ಚಿಕ್ಕವರಿಗೆ ಕಲಿಸು, ಆದರೆ ಓಟ ಇಷ್ಟೇ.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖಗಳು

ಅಪ್ಪ, ಅಮ್ಮ, ಅಣ್ಣ, ತಂಗಿ ಅಂದರೆ ರಜೆ ಸಿಗುತ್ತದೆ, ಸಂತಾಪವೂ ಸಿಗುತ್ತದೆ. ಸಾಕಿದ ಅಜ್ಜಿ ಹೋದರೆ "ವಯಸ್ಸಾಗಿತ್ತು". ಪ್ರೀತಿಸಿದ ಹುಡುಗ ಹೋದರೆ, ಮನೆಯಲ್ಲಿ ಆ ಪ್ರೀತಿ ಗೊತ್ತಿಲ್ಲದಿದ್ದರೆ, ಅಳಲೂ ಜಾಗವಿಲ್ಲ. ಗರ್ಭಪಾತವಾದ ಆಟಗಾರ್ತಿ ಅದನ್ನು "ಜ್ವರ" ಅಂತ ಹೇಳಿ ಪ್ರಾಕ್ಟೀಸ್‌ಗೆ ಬಂದಿರಬಹುದು. ಮೊದಲು ಆಟ ಕಲಿಸಿದ ಹಳೆಯ ಕೋಚ್, ಹದಿನಾಲ್ಕು ವರ್ಷ ಜೊತೆಗಿದ್ದ ನಾಯಿ, ಎಂದೋ ಮನೆ ಬಿಟ್ಟು ಹೋಗಿದ್ದ ಅಪ್ಪ ಇವರ ಸಾವೂ ಸಾವೇ. ಕೆನೆತ್ ಡೋಕಾ ಅನ್ನುವ ಸಂಶೋಧಕರು 1980ರ ದಶಕದಲ್ಲೇ ಹೀಗೆ ಸಮಾಜ ಒಪ್ಪದ ದುಃಖದ ಬಗ್ಗೆ ಬರೆದರು. ನೀನು ದುಃಖಪಡುವುದು ಸರಿ ಅಂತ ಯಾರೂ ಹೇಳದಿದ್ದಾಗ ಅದು ಇನ್ನೂ ಒಂಟಿಯಾಗುತ್ತದೆ. ನೆಂಟಸ್ತಿಕೆ ಏನು ಅಂತ ಅಳೆಯುವುದು ಬೇಡ. "ಅವರು ನಿನಗೆ ತುಂಬಾ ಹತ್ರ ಇದ್ರು ಅಲ್ವಾ?" ಅಂತ ಕೇಳಿ, ಆಮೇಲೆ ಸುಮ್ಮನಿರಿ.

ಸಣ್ಣ ಮಕ್ಕಳ ವಿಷಯದಲ್ಲಿ ಒಂದು ಮಾತು. ಅವರು ಬಿಟ್ಟು ಬಿಟ್ಟು ದುಃಖಪಡುತ್ತಾರೆ. ಹತ್ತು ನಿಮಿಷ ಅಳು, ಆಮೇಲೆ ಚೆಂಡಿನ ಹಿಂದೆ ಓಟ. ಅವರ ಜೊತೆ ಸತ್ತರು ಅನ್ನುವುದನ್ನು ನೇರವಾಗಿಯೇ ಹೇಳಬೇಕು, "ನಿದ್ದೆ ಮಾಡ್ತಿದ್ದಾರೆ" ಅಂದರೆ ಮಗು ನಿದ್ದೆಗೇ ಹೆದರಬಹುದು. ಮಗುವಿಗೆ ನೀವು ಏನು ಹೇಳಿದಿರಿ, ನಿಮಗೆ ಏನು ಕಂಡಿತು ಅಂತ ಮನೆಯವರಿಗೆ ತಿಳಿಸಿ.

ಎಲ್ಲರೂ ಮರೆತ ಮೇಲೆ

ಮೊದಲ ವಾರ ಜನವೋ ಜನ. ಮೂರನೇ ತಿಂಗಳಲ್ಲಿ ಯಾರೂ ಇರುವುದಿಲ್ಲ. ನಿಜವಾದ ಕಷ್ಟ ಎಷ್ಟೋ ಜನರಿಗೆ ಶುರುವಾಗುವುದೇ ಆಗ. ಹಾಗಾಗಿ ಕೋಚ್ ಡೈರಿಯಲ್ಲಿ ಕೆಲವು ತಾರೀಖು ಇರಬೇಕು: ಹೋದವರ ಹುಟ್ಟುಹಬ್ಬ, ವರ್ಷ ತುಂಬುವ ದಿನ, ಅವರಿಲ್ಲದೆ ಆಡುವ ಮೊದಲ ದೊಡ್ಡ ಟೂರ್ನಿ, ಮೊದಲ ಪದಕದ ದಿನ. ಗೆದ್ದ ದಿನ ಕುಸಿಯುವವರು ತುಂಬಾ ಜನ. ಪದಕ ಹಾಕಿಕೊಂಡು ಮೊದಲು ಫೋನ್ ಮಾಡುತ್ತಿದ್ದ ನಂಬರಿಗೆ ಈಗ ಮಾಡುವ ಹಾಗಿಲ್ಲ. ಆ ತಾರೀಖಿನ ಬೆಳಿಗ್ಗೆ ಒಂದು ಸಾಲಿನ ಮೆಸೇಜ್ ಸಾಕು: "ಇವತ್ತು ಅಮ್ಮನ ಹುಟ್ಟುಹಬ್ಬ ಅಂತ ನೆನಪಿದೆ. ಉತ್ತರ ಬೇಕಾಗಿಲ್ಲ." ಸತ್ತವರ ಹೆಸರು ಎತ್ತಿದರೆ ನೆನಪಾಗಿಬಿಡುತ್ತೆ ಅಂತ ಹೆದರುತ್ತೇವೆ. ಅವರು ಮರೆತೇ ಇರುವುದಿಲ್ಲ.

ಕೋಚ್ ಮನೋವೈದ್ಯರಲ್ಲ, ಆಗಲೂಬೇಕಿಲ್ಲ. ಜೊತೆಗಿರುವುದು, ಗಮನಿಸುವುದು, ದಾರಿ ತೋರಿಸುವುದು ಇಷ್ಟರಲ್ಲಿ ನಿಲ್ಲಬೇಕು. ಹೆಚ್ಚಿನವರು ಮನೆಯವರ, ಸ್ನೇಹಿತರ ಆಸರೆಯಲ್ಲೇ ನಿಧಾನವಾಗಿ ಹೊಂದಿಕೊಳ್ಳುತ್ತಾರೆ. ಕೆಲವರಿಗೆ ಆಗುವುದಿಲ್ಲ. ತಿಂಗಳುಗಳು ಕಳೆದರೂ ದಿನದಿನವೂ ಅದೇ ತೀವ್ರ ಹಂಬಲ, ಏನೂ ಬೇಡ ಅನ್ನುವ ಸ್ಥಿತಿ, ಯಾರ ಜೊತೆಯೂ ಸೇರದಿರುವುದು ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. 2022ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ದೀರ್ಘ ದುಃಖದ ಕಾಯಿಲೆಯನ್ನು ಸೇರಿಸಿದಾಗ ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ ಮತ್ತು ಹದಿಹರೆಯದವರಿಗೆ 6 ತಿಂಗಳು ಅಂತ ಗಡಿ ಹಾಕಿದರು. ಆದರೆ ಸಹಾಯ ಕೇಳಲು ಅಷ್ಟು ದಿನ ಕಾಯಬೇಕು ಅಂತ ಅದರ ಅರ್ಥ ಅಲ್ಲ. ತೂಕ ಇಳಿಯುತ್ತಲೇ ಇದೆ, ಕುಡಿತ ಶುರುವಾಗಿದೆ, ಕ್ಲಾಸಿಗೂ ಮೈದಾನಕ್ಕೂ ಬರುತ್ತಿಲ್ಲ ಅಂದರೆ ಈಗಲೇ ಮಾತಾಡಿ.

ಬದುಕಿ ಏನು ಮಾಡಲಿ, ನಾನೂ ಅವರ ಜೊತೆ ಹೋಗಿಬಿಟ್ಟರೆ ಸಾಕು ಅನ್ನುವ ಮಾತು ಬಂದರೆ, ಇಷ್ಟದ ಬ್ಯಾಟನ್ನೋ ಪದಕಗಳನ್ನೋ ಒಬ್ಬೊಬ್ಬರಿಗೆ ಕೊಟ್ಟುಬಿಡುತ್ತಿದ್ದರೆ, ಸುತ್ತಿಬಳಸದೆ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ, ಎಷ್ಟೋ ಸಲ ಕೇಳಿದ್ದೇ ಬಿಡುಗಡೆಯಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. "ಯಾರಿಗೂ ಹೇಳಬೇಡಿ ಸರ್" ಅಂದರೆ ಆ ಮಾತು ಕೊಡಬೇಡಿ. ಕ್ರೀಡಾ ಮನಶ್ಶಾಸ್ತ್ರಜ್ಞರು ಯಾರು, ಹತ್ತಿರದ ಆಸ್ಪತ್ರೆ ಯಾವುದು, ಸಹಾಯವಾಣಿಯ ನಂಬರ್ ಏನು ಅನ್ನುವುದು ಇಂಥ ದಿನ ಬರುವ ಮುಂಚೆಯೇ ಫೋನಿನಲ್ಲಿ ಇರಬೇಕು.

ಇಡೀ ತಂಡವೇ ಕಳೆದುಕೊಂಡಾಗ

2014ರ ನವೆಂಬರ್ 27ರಂದು ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಚೆಂಡು ತಗುಲಿ ಆದ ಪೆಟ್ಟಿನಿಂದ ಸತ್ತರು. ಶಾರ್ಜಾದಲ್ಲಿ ಪಾಕಿಸ್ತಾನದ ವಿರುದ್ಧ ಆಡುತ್ತಿದ್ದ ನ್ಯೂಜಿಲೆಂಡ್ ತಂಡಕ್ಕೂ ಅದು ಆಘಾತ. ಆ ದಿನದ ಆಟ ನಿಲ್ಲಿಸಿದರು. ಮತ್ತೆ ಶುರುವಾದಾಗ ನ್ಯೂಜಿಲೆಂಡ್ ಆಟಗಾರರು ವಿಕೆಟ್ ಬಿದ್ದರೂ ಸಂಭ್ರಮಿಸಲಿಲ್ಲ. ಆಸ್ಟ್ರೇಲಿಯಾದಲ್ಲಿ ಡಿಸೆಂಬರ್ 4ಕ್ಕೆ ಇದ್ದ ಟೆಸ್ಟ್ ಮುಂದೆ ಹೋಗಿ, ಸರಣಿ 9ರಂದು ಶುರುವಾಯಿತು. ಅಂದರೆ ವೇಳಾಪಟ್ಟಿಗಳನ್ನು ಬದಲಾಯಿಸಲು ಆಗುತ್ತದೆ. ದೊಡ್ಡ ದೊಡ್ಡ ಟಿವಿ ಒಪ್ಪಂದಗಳಿದ್ದಲ್ಲೇ ಆಗುತ್ತದೆ ಅಂದಮೇಲೆ ಒಂದು ಕ್ಲಬ್ಬಿನ ಲೀಗ್ ಪಂದ್ಯ ಮುಂದೆ ಹಾಕಲು ಯಾಕೆ ಆಗಬಾರದು?

ತಂಡದವರೇ ಹೋದಾಗ ಕೋಚ್ ಕೂಡ ದುಃಖದಲ್ಲಿರುತ್ತಾರೆ. ಅದನ್ನು ಬಚ್ಚಿಡಬೇಕಾಗಿಲ್ಲ. ಮಕ್ಕಳ ಮುಂದೆ ಕಣ್ಣೀರು ಬಂದರೆ ಬರಲಿ. ಆದರೆ ಅವರು ನಿಮ್ಮನ್ನು ಸಮಾಧಾನ ಮಾಡಬೇಕಾದ ಸ್ಥಿತಿ ಬರಬಾರದು, ನಿಮ್ಮ ಮಾತು ಕೇಳಲು ನಿಮ್ಮ ವಯಸ್ಸಿನವರು ಯಾರಾದರೂ ಬೇಕು. ಕೆಲವು ದಿನ ಸೆಷನ್ ನಡೆಸುವ ಹೊಣೆಯನ್ನು ಸಹಾಯಕ ಕೋಚ್‌ಗೆ ಬಿಡಿ. ಹೋದವರ ಲಾಕರ್, ಜರ್ಸಿ, ನಂಬರ್ ಏನು ಮಾಡುವುದು ಅಂತ ಒಬ್ಬರೇ ತೀರ್ಮಾನಿಸಬೇಡಿ. 2025ರ ಜುಲೈನಲ್ಲಿ ಫುಟ್‌ಬಾಲ್ ಆಟಗಾರ ಡಿಯೋಗೊ ಜೋಟಾ ಕಾರು ಅಪಘಾತದಲ್ಲಿ ತೀರಿಕೊಂಡಾಗ ಲಿವರ್‌ಪೂಲ್ ಕ್ಲಬ್ ಅವರ ಮನೆಯವರ ಜೊತೆ ಮಾತಾಡಿಯೇ, ಅವರ 20ನೇ ನಂಬರ್ ಜರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಹೇಳಿತು. ನಿಮ್ಮ ತಂಡ ಎಷ್ಟೇ ಚಿಕ್ಕದಿರಲಿ, ಮೊದಲು ಮನೆಯವರನ್ನು ಕೇಳಿ, ಆಮೇಲೆ ಆಟಗಾರರನ್ನು.

ಇದನ್ನು ಓದುತ್ತಿರುವ ಕೆಲವು ಕೋಚ್‌ಗಳಿಗೆ ಯಾರೋ ಒಬ್ಬ ಹುಡುಗ ನೆನಪಾಗಿರಬಹುದು, ಆರು ತಿಂಗಳ ಹಿಂದೆ ಅಪ್ಪನನ್ನು ಕಳೆದುಕೊಂಡವನು, ನೀವು ಏನು ಹೇಳುವುದೋ ತೋಚದೆ ಸುಮ್ಮನಾದವನು. ತಡವಾಯ್ತು ಅಂದುಕೊಳ್ಳಬೇಡಿ. "ಆಗ ನಿನ್ನ ಜೊತೆ ಮಾತಾಡಬೇಕಿತ್ತು, ಆಡಲಿಲ್ಲ. ಈಗ ಹೇಗಿದ್ದೀಯ?" ಅಂತ ಇವತ್ತು ಕೇಳಿದರೂ ಅವನಿಗೆ ಬೇಕಾಗಿಯೇ ಇರುತ್ತದೆ.